ಚೀನಾ ಮುಳುಗುತ್ತಿದೆಯೋ, ಬೆಳೆಯುತ್ತಿದೆಯೋ? ಒಂದು ಪ್ರಶ್ನೆಗೆ ಉದ್ದನೆಯ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಬಲ್ಬು, ಚಾರ್ಜರ್, ಇನ್ವರ್ಟರ್, ಈಚೆಗೆ ಸೋಲಾರ್ ಸಾಮಾನು ಕೂಡ. ಟಿವಿ ಹಾಕಿದರೆ ಚೀನಾದಲ್ಲಿ ಮನೆಗಳು ಖಾಲಿ ಬಿದ್ದಿವೆ, ದೊಡ್ಡ ದೊಡ್ಡ ಕಂಪನಿಗಳು ದಿವಾಳಿ, ಓದಿದ ಹುಡುಗರಿಗೆ ಕೆಲಸ ಇಲ್ಲ ಅನ್ನುತ್ತಾರೆ. ಆದರೆ ನನ್ನ ಅಂಗಡಿಗೆ ಬರುವ ಮಾಲಿನಲ್ಲಿ ಅಲ್ಲಿಯದೇ ಜಾಸ್ತಿ, ಬೆಲೆಯೂ ವರ್ಷ ವರ್ಷ ಇಳಿಯುತ್ತಿದೆ. ಅವರ ಕಾರು ಜಗತ್ತನ್ನೆಲ್ಲ ತುಂಬುತ್ತಿದೆಯಂತೆ. ಮುಳುಗುತ್ತಿರುವ ದೇಶ ಇಷ್ಟೊಂದು ಮಾರುವುದು ಹೇಗೆ? ಯಾರ ಮಾತು ಸುಳ್ಳು?

ಉತ್ತರ: ಯಾರದ್ದೂ ಸುಳ್ಳಲ್ಲ. ಎರಡೂ ನಿಜ, ಎರಡಕ್ಕೂ ಬೇರು ಒಂದೇ. ಅಲ್ಲಿ ಮನೆ ವ್ಯಾಪಾರ ಬಿದ್ದದ್ದಕ್ಕೂ ನಿಮ್ಮ ಅಂಗಡಿಯ ಸೋಲಾರ್ ಸಾಮಾನಿನ ಬೆಲೆ ಇಳಿದದ್ದಕ್ಕೂ ನೇರ ನಂಟಿದೆ. ಅದನ್ನು ತೋರಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಉತ್ತರ ಉದ್ದವಾಗುತ್ತದೆ. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಓದಿ.

ಚೀನಾ ಅಂದರೆ ಬೀಜಿಂಗಿನಲ್ಲಿ ಒಬ್ಬರು ಗುಂಡಿ ಒತ್ತಿದರೆ ಇಡೀ ದೇಶ ಅಲುಗಾಡುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಅರ್ಧ ನಿಜ. ದೊಡ್ಡ ರಾಜಕೀಯದಲ್ಲಿ ಹಾಗೆಯೇ ಇದೆ. ಷಿ ಜಿನ್‌ಪಿಂಗ್ 2012ರಲ್ಲಿ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ಅಧ್ಯಕ್ಷರಿಗೆ ಎರಡೇ ಅವಧಿ ಎಂಬ ನಿಯಮವನ್ನು 2018ರಲ್ಲಿ ಸಂವಿಧಾನದಿಂದ ತೆಗೆದರು. 2022ರಲ್ಲಿ ಮೂರನೇ ಸಲ ಪಕ್ಷದ ಚುಕ್ಕಾಣಿ ಹಿಡಿದರು. ಆದರೆ ದುಡ್ಡಿನ ವಿಷಯಕ್ಕೆ ಬಂದರೆ ಚೀನಾದಷ್ಟು ಕೆಲಸವನ್ನು ಕೆಳಗಿನವರ ಮೇಲೆ ಬಿಟ್ಟ ದೊಡ್ಡ ದೇಶ ಇನ್ನೊಂದು ಸಿಗುವುದು ಕಷ್ಟ. ಶಾಲೆ, ಆಸ್ಪತ್ರೆ, ರಸ್ತೆ, ಪಿಂಚಣಿ ಎಲ್ಲ ಸೇರಿ ಸರ್ಕಾರಿ ಖರ್ಚಿನ ಶೇ 85ರಷ್ಟು ಆಗುವುದು ಪ್ರಾಂತ, ನಗರ, ಕೌಂಟಿಗಳ (ನಮ್ಮ ತಾಲ್ಲೂಕಿನಂಥವು) ಕೈಯಿಂದ.

ಅಲ್ಲಿ ಒಂದು ನಗರಕ್ಕೆ ಮೇಯರ್ ಇರುತ್ತಾರೆ, ಆದರೆ ಅವರಿಗಿಂತ ಮೇಲೆ ಅದೇ ನಗರದ ಪಕ್ಷದ ಕಾರ್ಯದರ್ಶಿ. ಅವರೇ ನಿಜವಾದ ಯಜಮಾನರು. ಇವರನ್ನು ಜನ ಆರಿಸುವುದಿಲ್ಲ, ಪಕ್ಷದ ಸಂಘಟನಾ ವಿಭಾಗ ನೇಮಿಸುತ್ತದೆ. ಕೆಲವು ವರ್ಷಕ್ಕೊಮ್ಮೆ ವರ್ಗ ಮಾಡುತ್ತದೆ, ಚೆನ್ನಾಗಿ ಮಾಡಿದವರನ್ನು ಮೇಲಕ್ಕೆ ಎತ್ತುತ್ತದೆ. ನಮ್ಮ ಜಿಲ್ಲಾಧಿಕಾರಿಯನ್ನು ನೆನೆಸಿಕೊಳ್ಳಿ. ಅವರಿಗೆ ಜಮೀನು ಮಾರುವ, ಫ್ಯಾಕ್ಟರಿಗೆ ಬಂಡವಾಳ ಹಾಕುವ, ಬ್ಯಾಂಕಿನಿಂದ ಸಾಲ ಕೊಡಿಸುವ ಅಧಿಕಾರವನ್ನೂ ಕೊಟ್ಟರೆ ಹೇಗಿರುತ್ತದೆ, ಹೆಚ್ಚುಕಡಿಮೆ ಅದು. ಎಷ್ಟೋ ವರ್ಷ ಇವರ ಅಂಕಪಟ್ಟಿಯಲ್ಲಿ ಮುಖ್ಯ ವಿಷಯ ಒಂದೇ ಇತ್ತು: ನಿನ್ನ ಊರು ಪಕ್ಕದ ಊರಿಗಿಂತ ವೇಗವಾಗಿ ಬೆಳೆಯಿತಾ? ಚೀನಾದ ಏಳಿಗೆಗೂ ಈಗಿನ ಸಂಕಟಕ್ಕೂ ಈ ಅಂಕಪಟ್ಟಿಯೇ ಕೀಲಿ. ಇದು ನನ್ನ ಖಚಿತ ಅಭಿಪ್ರಾಯ.

ಕೆಳಗಿನವರು ಮೊದಲು ಮಾಡಿ ನೋಡುವುದು, ಸರಿಹೋದರೆ ಮೇಲಿನವರು ಒಪ್ಪಿಗೆ ಒತ್ತುವುದು ಅಲ್ಲಿ ಹಳೆಯ ರೂಢಿ. 1978ರಲ್ಲಿ ಅನ್ಹುಯಿ ಪ್ರಾಂತದ ಷಿಯಾವೊಗಾಂಗ್ ಎಂಬ ಬಡ ಹಳ್ಳಿಯಲ್ಲಿ 18 ರೈತರು ರಾತ್ರಿ ಗುಟ್ಟಾಗಿ ಸೇರಿ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡು ಉಳುತ್ತೇವೆ, ಸರ್ಕಾರದ ಪಾಲು ಕೊಟ್ಟು ಮಿಕ್ಕಿದ್ದು ನಮ್ಮದು. ಸಿಕ್ಕಿಬಿದ್ದು ಮುಖಂಡರು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಅಂತ ಅದರಲ್ಲೇ ಬರೆದುಕೊಂಡಿದ್ದರು. ಅಷ್ಟು ಹೆದರಿಕೆಯ ಕೆಲಸ ಅದು. ಬೆಳೆ ಚೆನ್ನಾಗಿ ಬಂತು, ಪ್ರಾಂತದವರು ಕಣ್ಣುಮುಚ್ಚಿದರು, ಆಗ ದೇಶದ ಚುಕ್ಕಾಣಿ ಹಿಡಿದಿದ್ದ ಡೆಂಗ್ ಷಿಯಾವೊಪಿಂಗ್ ಒಪ್ಪಿದರು, ಕೆಲವೇ ವರ್ಷದಲ್ಲಿ ಇಡೀ ದೇಶದ ಪದ್ಧತಿ ಆಯಿತು. ಆಮೇಲೆ 1980ರಲ್ಲಿ ಶೆನ್‌ಝೆನ್ ಸೇರಿ ನಾಲ್ಕು ಕಡೆ ವಿಶೇಷ ಆರ್ಥಿಕ ವಲಯ ಮಾಡಿದ್ದು, 2001ರ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದು ನಿಮಗೆ ಗೊತ್ತೇ ಇರುತ್ತದೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ನಾವು ನಿಂತು ನೋಡಬೇಕಾದ ವರ್ಷ 1994. ಆ ಹೊತ್ತಿಗೆ ಕೇಂದ್ರದ ಖಜಾನೆ ಬರಿದಾಗಿತ್ತು. ದೇಶದ ಒಟ್ಟು ಸರ್ಕಾರಿ ಆದಾಯದಲ್ಲಿ ಬೀಜಿಂಗಿಗೆ ಬರುತ್ತಿದ್ದದ್ದು ಶೇ 22 ಅಷ್ಟೇ. ಆಗ ಉಪಪ್ರಧಾನಿಯಾಗಿದ್ದ ಝು ರೊಂಗ್‌ಜಿ ಪ್ರಾಂತಗಳ ಜೊತೆ ಹಗ್ಗಜಗ್ಗಾಟ ಮಾಡಿ ತೆರಿಗೆ ಹಂಚಿಕೆಯನ್ನೇ ಬದಲಿಸಿದರು. ಒಂದೇ ವರ್ಷದಲ್ಲಿ ಕೇಂದ್ರದ ಪಾಲು ಶೇ 55 ದಾಟಿತು. ಆದಾಯ ಮೇಲೆ ಹೋಯಿತು, ಖರ್ಚು ಕೆಳಗೇ ಉಳಿಯಿತು. ನಗರದ ಕಾರ್ಯದರ್ಶಿಗೆ ಊರು ಬೆಳೆಸಲೇಬೇಕು, ಕೈಯಲ್ಲಿ ಮಾತ್ರ ಕಾಸಿಲ್ಲ. ಏನು ಮಾಡಬೇಕು ಹೇಳಿ?

ಜಮೀನು ಮಾರಿದರು. ಚೀನಾದಲ್ಲಿ ನಗರದ ಜಮೀನೆಲ್ಲ ಸರ್ಕಾರದ್ದು, ಹಳ್ಳಿಯ ಜಮೀನು ಹಳ್ಳಿಯ ಸಮುದಾಯದ್ದು. ಹಳ್ಳಿಯದನ್ನು ಕಡಿಮೆ ಪರಿಹಾರ ಕೊಟ್ಟು ವಶ ಮಾಡಿಕೊಂಡು ನಗರದ ಜಮೀನಾಗಿ ಬದಲಿಸುವ ಅಧಿಕಾರ ಇದ್ದದ್ದು ಸ್ಥಳೀಯ ಸರ್ಕಾರಕ್ಕೆ ಮಾತ್ರ. ಅದನ್ನೇ ಬಿಲ್ಡರುಗಳಿಗೆ ಹರಾಜು ಹಾಕುವುದು, ಮನೆ ಕಟ್ಟಲು 70 ವರ್ಷದ ಹಕ್ಕು ಕೊಡುವುದು. 1998ರಲ್ಲಿ ಸರ್ಕಾರಿ ಕೆಲಸದವರಿಗೆ ಮನೆ ಹಂಚುವ ಪದ್ಧತಿ ನಿಂತ ಮೇಲೆ ಎಲ್ಲರೂ ಮನೆ ಕೊಳ್ಳಲೇಬೇಕಾಯಿತು, ಹರಾಜಿನ ಬೆಲೆ ಏರುತ್ತಲೇ ಹೋಯಿತು. 2008ರಲ್ಲಿ ಜಗತ್ತಿನ ಹಣಕಾಸು ಕುಸಿದಾಗ ಬೀಜಿಂಗ್ 4 ಲಕ್ಷ ಕೋಟಿ ಯುವಾನ್ ಖರ್ಚು ಮಾಡುತ್ತೇವೆ ಎಂದು ಘೋಷಿಸಿತಲ್ಲ, ಅದರಲ್ಲಿ ಕೇಂದ್ರ ಕೊಟ್ಟದ್ದು ಸುಮಾರು 1.2 ಲಕ್ಷ ಕೋಟಿ ಮಾತ್ರ. ಉಳಿದದ್ದನ್ನು ನೀವೇ ನೋಡಿಕೊಳ್ಳಿ ಅಂದರು. ಊರೂರಿನ ಸರ್ಕಾರ ಒಂದೊಂದು ಹಣಕಾಸು ಕಂಪನಿ ತೆರೆದು, ಜಮೀನು ಅಡ ಇಟ್ಟು, ಬ್ಯಾಂಕಿನಿಂದ ಸಾಲ ಎತ್ತಿತು. ಹೈಸ್ಪೀಡ್ ರೈಲು, ಮೆಟ್ರೊ, ಸೇತುವೆ ಎಲ್ಲ ಎದ್ದವು. ಜನರ ಬದುಕು ನಿಜಕ್ಕೂ ಸುಧಾರಿಸಿತು. ಸಾಲ ಮಾತ್ರ ಹಾಗೇ ಕೂತಿತು.

2021ರಲ್ಲಿ ಜಮೀನು ಮಾರಿ ಸ್ಥಳೀಯ ಸರ್ಕಾರಗಳು ಗಳಿಸಿದ್ದು 8.7 ಲಕ್ಷ ಕೋಟಿ ಯುವಾನ್. ರೂಪಾಯಿ ಲೆಕ್ಕಕ್ಕೆ ತಂದರೆ ಆ ವರ್ಷದ ನಮ್ಮ ಇಡೀ ಕೇಂದ್ರ ಬಜೆಟ್ಟಿನ ಎರಡೂವರೆ ಪಟ್ಟಿಗೂ ಜಾಸ್ತಿ. ಸುಮ್ನೆ ಯೋಚಿಸಿ, ಬರೀ ಸೈಟು ಮಾರಿದ ದುಡ್ಡು ಅದು!

ಇನ್ನು ಬಿಲ್ಡರುಗಳ ಕಥೆ. ಅಲ್ಲಿ ಫ್ಲ್ಯಾಟು ಕಟ್ಟುವ ಮೊದಲೇ ಮಾರುತ್ತಾರೆ. ಕೊಳ್ಳುವವರು ಬ್ಯಾಂಕ್ ಸಾಲ ಮಾಡಿ ಹಣ ಕಟ್ಟುತ್ತಾರೆ, ಕಂತು ತಕ್ಷಣ ಶುರು. ಆ ಹಣದಲ್ಲಿ ಬಿಲ್ಡರ್ ಈ ಕಟ್ಟಡ ಮುಗಿಸುವ ಬದಲು ಮುಂದಿನ ಜಮೀನಿನ ಹರಾಜಿಗೆ ಓಡುತ್ತಾನೆ. ಹೊಸ ಗಿರಾಕಿ ಬರುತ್ತಿರುವವರೆಗೆ ಚಕ್ರ ತಿರುಗುತ್ತದೆ. ಮನೆ ಇರುವುದು ವಾಸಕ್ಕೆ, ಸಟ್ಟಾ ಆಡುವುದಕ್ಕಲ್ಲ ಅಂತ ಷಿ ಸರ್ಕಾರ 2016ರಿಂದಲೇ ಹೇಳುತ್ತಿತ್ತು. 2020ರ ಆಗಸ್ಟಿನಲ್ಲಿ ಬಿಲ್ಡರುಗಳ ಸಾಲಕ್ಕೆ ಮೂರು ಕೆಂಪು ಗೆರೆ ಎಳೆಯಿತು, ಗೆರೆ ದಾಟಿದವರಿಗೆ ಹೊಸ ಸಾಲ ಇಲ್ಲ. ಎವರ್‌ಗ್ರಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ ಮೂರೂ ಗೆರೆ ದಾಟಿತ್ತು. 30,000 ಕೋಟಿ ಡಾಲರಿಗೂ ಹೆಚ್ಚು ಹೊರೆ ಹೊತ್ತಿದ್ದ ಆ ಕಂಪನಿ 2021ರ ಕೊನೆಗೆ ಸಾಲ ತೀರಿಸಲಾಗದೆ ಕೈಚೆಲ್ಲಿತು. 2024ರ ಜನವರಿಯಲ್ಲಿ ಹಾಂಕಾಂಗ್ ನ್ಯಾಯಾಲಯ ಅದನ್ನು ಮುಚ್ಚಲು ಆದೇಶ ಕೊಟ್ಟಿತು. ಮಧ್ಯೆ 2023ರಲ್ಲಿ ಕಂಟ್ರಿ ಗಾರ್ಡನ್ ಎಂಬ ಇನ್ನೊಂದು ಬಿಲ್ಡರ್ ಕಂಪನಿ ಕೂಡ ಅದೇ ದಾರಿ ಹಿಡಿಯಿತು.

ಅರ್ಧಕ್ಕೆ ನಿಂತ ಕಟ್ಟಡಗಳಿಗೆ ಚೀನಿಯರು ಲಾನ್‌ವೇಲೋ ಅನ್ನುತ್ತಾರೆ, ಬಾಲ ಕೊಳೆತ ಕಟ್ಟಡ ಅಂತ ಅರ್ಥ. 2022ರಲ್ಲಿ ಗುಯಿಲಿನ್ ನಗರದಲ್ಲಿ ಕೆಲವರು ಇಂಥದ್ದೇ ಕಟ್ಟಡದಲ್ಲಿ ಹೋಗಿ ವಾಸ ಮಾಡತೊಡಗಿದರು. ಕರೆಂಟಿಲ್ಲ, ನಲ್ಲಿಯಿಲ್ಲ. ಗೋಡೆಗೆ ಗಾರೆ ಇಲ್ಲ. ಬರಿಯ ಕಾಂಕ್ರೀಟಿನ ಕೋಣೆಯಲ್ಲಿ ಒಂದು ಮಂಚ, ಸೊಳ್ಳೆ ಪರದೆ, ಮೆಟ್ಟಿಲು ಹತ್ತಿ ಹೊತ್ತು ತಂದ ನೀರು. ಬೇರೆ ಕಡೆ ಬಾಡಿಗೆ ಕೊಡುತ್ತ ಇಲ್ಲಿಯ ಕಂತನ್ನೂ ಕಟ್ಟಲು ಆಗದು ಅಂತ ಬಂದವರು ಅವರು. ಅದೇ ವರ್ಷ ಜಿಂಗ್‌ಡೆಝೆನ್‌ನಲ್ಲಿ, ಪಿಂಗಾಣಿಗೆ ಹೆಸರಾದ ಊರು ಅದು, ಕೊಂಡವರೆಲ್ಲ ಸೇರಿ ಕಟ್ಟಡ ಮುಗಿಸದಿದ್ದರೆ ಕಂತು ಕಟ್ಟುವುದಿಲ್ಲ ಎಂದು ಪತ್ರ ಬರೆದರು. ಪ್ರತಿಭಟನೆಗೆ ಜಾಗವೇ ಇಲ್ಲದ ದೇಶದಲ್ಲಿ ಅದು ಕೆಲವೇ ವಾರದಲ್ಲಿ ನೂರಾರು ಕಟ್ಟಡಗಳಿಗೆ ಹಬ್ಬಿತು. ಟಿವಿಯಲ್ಲಿ ಖಾಲಿ ಮನೆ ತೋರಿಸುವವರು ಈ ಜನರನ್ನು ತೋರಿಸುವುದಿಲ್ಲ. ಚೀನಾದ ಕುಟುಂಬಗಳ ಆಸ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇರುವುದು ಮನೆಯ ರೂಪದಲ್ಲಿ. ಮನೆ ಬೆಲೆ ಇಳಿದರೆ ಮಗನ ಮದುವೆ, ಮುಪ್ಪಿನ ಕಾಲ ಎಲ್ಲದರ ಲೆಕ್ಕವೂ ತಪ್ಪುತ್ತದೆ.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ.

2024ಕ್ಕೆ ಜಮೀನಿನ ಆದಾಯ 4.9 ಲಕ್ಷ ಕೋಟಿ ಯುವಾನಿಗೆ ಇಳಿದಿತ್ತು. ಮೂರೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಆದರೆ ಅಂಕಪಟ್ಟಿ ಹೋಗಲಿಲ್ಲ, ಬೆಳವಣಿಗೆ ಶೇ 5ರ ಆಸುಪಾಸು ಬರಲೇಬೇಕು. ಮನೆಗೆ ಕೊಡುತ್ತಿದ್ದ ಸಾಲವನ್ನು ಬ್ಯಾಂಕುಗಳು ಈಗ ಫ್ಯಾಕ್ಟರಿಗೆ ತಿರುಗಿಸಿದವು. ಮೇಲಿನಿಂದ ಬಂದ ಸೂಚನೆಯೂ ಅದೇ ಆಗಿತ್ತು. ಉನ್ನತ ತಂತ್ರಜ್ಞಾನದ ಹತ್ತು ಕ್ಷೇತ್ರದಲ್ಲಿ ಮುಂದೆ ಬರಬೇಕು ಎಂಬ 'ಮೇಡ್ ಇನ್ ಚೈನಾ 2025' ಯೋಜನೆ 2015ರಲ್ಲೇ ಬಂದಿತ್ತು. ಊರಿನ ಕಾರ್ಯದರ್ಶಿಗಳು ಫ್ಲ್ಯಾಟು ಬಿಟ್ಟು ಬ್ಯಾಟರಿ, ಕಾರು, ಸೋಲಾರ್ ಹಿಂದೆ ಬಿದ್ದರು.

ಇದಕ್ಕೆ ಎಲ್ಲರೂ ತೋರಿಸುವ ಮಾದರಿ ಹೆಫೇ ನಗರ. ಹೆಬ್ಬೆಟ್ಟಿನ ಕಾಗದದ ಅದೇ ಅನ್ಹುಯಿ ಪ್ರಾಂತದ ರಾಜಧಾನಿ. 2008ರಲ್ಲಿ ಈ ಸಾಧಾರಣ ಊರು ತನ್ನ ಮೆಟ್ರೊ ಯೋಜನೆಯನ್ನು ಮುಂದೂಡಿ ಬಿಒಇ ಎಂಬ ಟಿವಿ ಪರದೆ ತಯಾರಿಸುವ ಕಂಪನಿಗೆ ದುಡ್ಡು ಹಾಕಿತು. ಜನ ಬೈದರು, ಕಂಪನಿ ಗೆದ್ದಿತು. 2020ರಲ್ಲಿ ನಿಯೊ ಎಂಬ ಎಲೆಕ್ಟ್ರಿಕ್ ಕಾರು ಕಂಪನಿ ಇನ್ನೇನು ಮುಳುಗಿತು ಅನ್ನುವಾಗ ಹೆಫೇ ಬೇರೆ ಸರ್ಕಾರಿ ಹೂಡಿಕೆದಾರರನ್ನು ಜೊತೆಗೆ ಸೇರಿಸಿಕೊಂಡು 700 ಕೋಟಿ ಯುವಾನ್ ಕೊಟ್ಟು ಅದನ್ನು ಎತ್ತಿತು. ಒಂದು ಷರತ್ತು, ಚೀನಾದ ಮುಖ್ಯ ಕಚೇರಿ ನಮ್ಮೂರಿಗೆ ಬರಬೇಕು. ವರ್ಷ ತುಂಬುವುದರೊಳಗೆ ನಿಯೊ ಷೇರು ಹತ್ತಾರು ಪಟ್ಟು ಏರಿ ಊರಿಗೆ ಒಳ್ಳೆಯ ಲಾಭವೇ ಬಂತು. ಇದನ್ನು ನೋಡಿದ ಮೇಲೆ ಯಾವ ಊರು ಸುಮ್ಮನಿರುತ್ತದೆ? ಎಲ್ಲರಿಗೂ ಹೆಫೇ ಆಗುವ ಆಸೆ. ಸೋತವರ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ವುಹಾನಿನಲ್ಲಿ ಚಿಪ್ ಫ್ಯಾಕ್ಟರಿ ಕಟ್ಟುತ್ತೇವೆಂದು ಶುರುವಾಗಿ ಅರ್ಧಕ್ಕೇ ನಿಂತ ದೊಡ್ಡ ಯೋಜನೆಯೂ ಇದೆ.

ಫಲ ಏನಾಯಿತು ನೋಡಿ. 2024ರಲ್ಲಿ ಚೀನಾದಲ್ಲಿ ತಯಾರಾಗಿ ಮಾರಾಟವಾದ ಎಲೆಕ್ಟ್ರಿಕ್ ಮತ್ತು ಪ್ಲಗ್-ಇನ್ ಹೈಬ್ರಿಡ್ ವಾಹನ ಸುಮಾರು 1.29 ಕೋಟಿ, ರಫ್ತೂ ಸೇರಿ. ಬಿವೈಡಿ ಎಂಬ ಕಂಪನಿ ಒಂದೇ 42 ಲಕ್ಷಕ್ಕೂ ಜಾಸ್ತಿ ಮಾರಿತು. ಶೆನ್‌ಝೆನ್ ನಗರ 2017ರ ಹೊತ್ತಿಗೇ ತನ್ನ 16,000 ಬಸ್ಸುಗಳನ್ನೆಲ್ಲ ಎಲೆಕ್ಟ್ರಿಕ್ ಮಾಡಿ ಮುಗಿಸಿತ್ತು. ಇದೆಲ್ಲ ಬರೀ ಸಬ್ಸಿಡಿಯ ಮಹಿಮೆ ಅಂತ ಕೆಲವರು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ಎಂಜಿನಿಯರುಗಳು ಚೆನ್ನಾಗಿ ಕೆಲಸ ಮಾಡಿದ್ದಾರೆ, ಬಿಡಿಭಾಗ ಕೊಡುವವರು ಒಂದೇ ಊರಿನಲ್ಲಿ ಕೂತಿದ್ದಾರೆ, ಸ್ಪರ್ಧೆ ಪ್ರಾಣ ತೆಗೆಯುವಷ್ಟಿದೆ. ಆ ಸ್ಪರ್ಧೆಗೆ ಚೀನಿಯರು ನೇಜ್ವಾನ್ ಎಂದು ಹೆಸರಿಟ್ಟಿದ್ದಾರೆ. ಎಲ್ಲರೂ ಮೈಮುರಿದು ದುಡಿಯುತ್ತಾರೆ, ಒಬ್ಬನ ಬೆಲೆಯನ್ನು ಇನ್ನೊಬ್ಬ ಕತ್ತರಿಸುತ್ತಾನೆ, ಕೊನೆಗೆ ಯಾರಿಗೂ ಗಿಟ್ಟುವುದಿಲ್ಲ. ನಿಮ್ಮದೇ ಬೀದಿಯಲ್ಲಿ ಒಂದೇ ಸಾಮಾನಿನ ಹತ್ತು ಅಂಗಡಿ ತೆರೆದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅಂತೂ 2022ರ ಅಕ್ಟೋಬರಿನಿಂದ ಅಲ್ಲಿ ಫ್ಯಾಕ್ಟರಿ ಬಾಗಿಲಿನ ಬೆಲೆಗಳು ವರ್ಷಗಟ್ಟಲೆ ಇಳಿಯುತ್ತಲೇ ಬಂದವು. ಸೋಲಾರ್ ಪ್ಯಾನೆಲ್ ತಯಾರಿಯಲ್ಲಿ ಪ್ರತಿ ಹಂತದಲ್ಲೂ ಜಗತ್ತಿನ ಶೇ 80ಕ್ಕಿಂತ ಹೆಚ್ಚು ಚೀನಾದ್ದೇ. ಒಂದೊಂದು ಪ್ರಾಂತವೂ ನನಗೊಂದು ಫ್ಯಾಕ್ಟರಿ ಇರಲಿ ಅಂದರೆ ಜಗತ್ತಿಗೆ ಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಆಗಲೇಬೇಕು. ನಿಮ್ಮ ದರಪಟ್ಟಿ ಇಳಿದದ್ದು ಹೀಗೆ.

ಹಾಗಾದರೆ ಇಷ್ಟು ಮಾಲನ್ನು ಚೀನಿಯರೇ ಯಾಕೆ ಕೊಳ್ಳುವುದಿಲ್ಲ? 140 ಕೋಟಿ ಜನ ಇದ್ದಾರಲ್ಲ? ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದು. ಅಲ್ಲಿ ದೇಶದ ಒಟ್ಟು ಉತ್ಪನ್ನದಲ್ಲಿ ಕುಟುಂಬಗಳ ಖರ್ಚು ಶೇ 40ರ ಆಸುಪಾಸು. ನಮ್ಮಲ್ಲಿ ಶೇ 60ರ ಹತ್ತಿರ. ಅವರು ಜಿಪುಣರು ಅಂತಲ್ಲ. ದುಡಿದದ್ದರಲ್ಲಿ ಅವರ ಕೈಗೆ ಬರುವ ಪಾಲೇ ಕಡಿಮೆ, ಬಂದದ್ದನ್ನು ಹೆದರಿಕೆಯಿಂದ ಕೂಡಿಡುತ್ತಾರೆ.

ಹೆದರಿಕೆ ಯಾಕೆ ಅಂದರೆ ಹುಕೊ ಎಂಬ ಪದ್ಧತಿ. ಪ್ರತಿಯೊಬ್ಬರಿಗೂ ಹುಟ್ಟಿದ ಮನೆತನದ ಊರಿನ ನೋಂದಣಿ ಇರುತ್ತದೆ. ಸಿಚುವಾನಿನ ಹಳ್ಳಿಯ ಹೆಣ್ಣುಮಗಳು ಗುವಾಂಗ್‌ಡಾಂಗಿನ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ದುಡಿದರೂ ಅವಳ ನೋಂದಣಿ ಹಳ್ಳಿಯದ್ದೇ. ಮಗುವನ್ನು ನಗರದ ಸರ್ಕಾರಿ ಶಾಲೆಗೆ ಸೇರಿಸುವುದು ಕಷ್ಟ, ಆಸ್ಪತ್ರೆಯ ವಿಮೆ ಪೂರ್ತಿ ಸಿಗುವುದಿಲ್ಲ. ಹಾಗಾಗಿ ಮಗು ಅಜ್ಜಿಯ ಹತ್ತಿರ ಹಳ್ಳಿಯಲ್ಲಿ, ತಾಯಿ ನಗರದಲ್ಲಿ, ವರ್ಷಕ್ಕೊಮ್ಮೆ ಹೊಸವರ್ಷದ ಹಬ್ಬಕ್ಕೆ ಮುಖ ನೋಡುವುದು. ಇಂಥ ವಲಸೆ ಕಾರ್ಮಿಕರು ಸುಮಾರು 30 ಕೋಟಿ. ಹಳ್ಳಿಯಲ್ಲಿರುವ ಆ ಅಜ್ಜಿಗೆ ಬರುವ ಪಿಂಚಣಿ ಸರಾಸರಿ ತಿಂಗಳಿಗೆ 200 ಯುವಾನಿನ ಚಿಲ್ಲರೆ, ನಮ್ಮ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿ ಆಸುಪಾಸು. ಜಗತ್ತಿಗೆಲ್ಲ ಕಾರು ಮಾರುವ ದೇಶದಲ್ಲಿ! ಆ ತಾಯಿ ಹೊಸ ಫ್ರಿಡ್ಜು ಕೊಳ್ಳುವ ಬದಲು ದುಡ್ಡು ಕೂಡಿಟ್ಟರೆ ತಪ್ಪು ಹೇಗೆ ಹೇಳುವುದು? ಚೀನಾದ ಬೆಳವಣಿಗೆಯನ್ನು ಹಾಡಿ ಹೊಗಳುವವರೂ ಬಯ್ಯುವವರೂ ಈ ಹೆಣ್ಣುಮಗಳನ್ನು ಮರೆಯುತ್ತಾರೆ ಅನ್ನುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಇದು ಬೀಜಿಂಗಿಗೆ ಗೊತ್ತಿಲ್ಲದ್ದೇನಲ್ಲ. ಜನರ ಖರ್ಚು ಹೆಚ್ಚಿಸಬೇಕು ಎಂದು ಇಪ್ಪತ್ತು ವರ್ಷದಿಂದ ಅವರೇ ಹೇಳುತ್ತಿದ್ದಾರೆ. ಹಳೆಯ ಫ್ರಿಡ್ಜು, ಕಾರು ಕೊಟ್ಟು ಹೊಸದು ತೆಗೆದುಕೊಂಡರೆ ರಿಯಾಯಿತಿ ಕೊಡುವುದಕ್ಕೆ 2025ರಲ್ಲಿ 30,000 ಕೋಟಿ ಯುವಾನ್ ಇಟ್ಟರು. ಆದರೆ ಪಿಂಚಣಿಯನ್ನು ಎತ್ತಿ ನಿಲ್ಲಿಸುವ, ಹುಕೊ ಗೋಡೆಯನ್ನು ದೊಡ್ಡ ನಗರಗಳಲ್ಲೂ ಕೆಡಹುವ ಕೆಲಸಕ್ಕೆ ಕೈ ಹಾಕಿಲ್ಲ. ಜನರಿಗೆ ಸುಮ್ನೆ ದುಡ್ಡು ಹಂಚಿದರೆ ಸೋಮಾರಿಗಳಾಗುತ್ತಾರೆ ಎಂದು ಷಿ 2021ರಲ್ಲಿ ಬರೆದಿದ್ದರು. ಅವರ ಪಾಲಿಗೆ ದೇಶದ ಬಲ ಇರುವುದು ಫ್ಯಾಕ್ಟರಿಯಲ್ಲಿ, ಚಿಪ್‌ನಲ್ಲಿ. ಅಮೆರಿಕ ಯಾವತ್ತು ಏನನ್ನು ತಡೆದರೂ ನಾವು ನಿಲ್ಲಬಾರದು ಅನ್ನುವುದು ಅವರ ಲೆಕ್ಕ. ಇನ್ನೊಂದು ತೊಡಕೂ ಇದೆ. ಪಿಂಚಣಿ ಹೆಚ್ಚಿಸಬೇಕಾದವರು ಜಮೀನು ಆದಾಯ ಕಳೆದುಕೊಂಡು ಸಾಲದಲ್ಲಿ ಕೂತಿರುವ ಅದೇ ಸ್ಥಳೀಯ ಸರ್ಕಾರಗಳು. ಆ ಸಾಲವನ್ನು ಕಡಿಮೆ ಬಡ್ಡಿಯ ಬಾಂಡಿಗೆ ಬದಲಿಸಿಕೊಳ್ಳಲು 2024ರ ನವೆಂಬರಿನಲ್ಲಿ 10 ಲಕ್ಷ ಕೋಟಿ ಯುವಾನಿನ ಯೋಜನೆ ತಂದರು. ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿತು ಅಷ್ಟೇ.

ಹೀಗೆ ಒಳಗೆ ಕೊಳ್ಳುವವರಿಲ್ಲದ ಮಾಲು ಹಡಗು ಹತ್ತುತ್ತದೆ. 2024ರಲ್ಲಿ ಚೀನಾ ಕೊಂಡದ್ದಕ್ಕಿಂತ ಮಾರಿದ್ದು 99,000 ಕೋಟಿ ಡಾಲರಿಗೂ ಜಾಸ್ತಿ. 2025ರಲ್ಲಿ ಅದು ಮೊದಲ ಸಲ ಒಂದು ಲಕ್ಷ ಕೋಟಿ ಡಾಲರ್ ದಾಟಿತು. ಅದೂ ಟ್ರಂಪ್ ಸರ್ಕಾರ ಏಪ್ರಿಲಿನಲ್ಲಿ ಶೇ 145ರವರೆಗೆ ಸುಂಕ ಏರಿಸಿ ಕುಸ್ತಿಗಿಳಿದ ವರ್ಷದಲ್ಲಿ. ಅಮೆರಿಕಕ್ಕೆ ಹೋಗುವ ಮಾಲು ಐದರಲ್ಲೊಂದು ಪಾಲು ಇಳಿಯಿತು, ಆಫ್ರಿಕಾ, ಆಗ್ನೇಯ ಏಷ್ಯಾ, ಯುರೋಪು ಆ ಜಾಗ ತುಂಬಿದವು.

ಪ್ರಭಾವ ಎಂದರೆ ನಮಗೆ ತಕ್ಷಣ ನೆನಪಾಗುವುದು ಸಾಲದ ಬಲೆ, ಶ್ರೀಲಂಕಾದ ಹಂಬನ್‌ತೋಟ ಬಂದರು. ಬೇರೆ ದೇಶಗಳಲ್ಲಿ ರಸ್ತೆ, ಬಂದರು ಕಟ್ಟಲೆಂದು 2013ರಲ್ಲಿ ಷಿ ಘೋಷಿಸಿದ ಬೆಲ್ಟ್ ಆ್ಯಂಡ್ ರೋಡ್ ಯೋಜನೆಯ ಮಾತು ಬಂದಾಗೆಲ್ಲ ಇದೇ ಉದಾಹರಣೆ. ಇಲ್ಲಿ ಒಂದು ತಪ್ಪು ತಿದ್ದಬೇಕು. 2017ರಲ್ಲಿ ಶ್ರೀಲಂಕಾ ಆ ಬಂದರನ್ನು 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟಿದ್ದು ಹೌದು, 112 ಕೋಟಿ ಡಾಲರಿಗೆ. ಆದರೆ ಬಂದರಿನ ಸಾಲಕ್ಕೆ ಅದು ವಜಾ ಆಗಲಿಲ್ಲ, ಸಾಲ ಹಾಗೇ ಉಳಿಯಿತು. ಬಂದ ಡಾಲರು ಹೋದದ್ದು ವಿದೇಶಿ ವಿನಿಮಯದ ಸಂಗ್ರಹಕ್ಕೆ. ಯಾಕೆಂದರೆ ಶ್ರೀಲಂಕಾವನ್ನು ಜಾಸ್ತಿ ಹಿಂಡುತ್ತಿದ್ದದ್ದು ಪಶ್ಚಿಮದ ಮಾರುಕಟ್ಟೆಯಲ್ಲಿ ಮಾರಿದ್ದ ಬಾಂಡುಗಳು. ಚೀನಾ ಉಪಕಾರಕ್ಕೆ ಬಂತು ಅಂತ ನಾನು ಹೇಳುತ್ತಿಲ್ಲ. ಆಯಕಟ್ಟಿನ ಜಾಗ ಸಿಕ್ಕಿತು, ತೆಗೆದುಕೊಂಡರು. ಆದರೆ ಬಲೆ ಬೀಸಿ ಕಾಯುತ್ತಿದ್ದರು ಅನ್ನುವ ಕಥೆ ಅಲ್ಲಿ ನಡೆದದ್ದಕ್ಕೆ ಹೊಂದುವುದಿಲ್ಲ.

ನಿಜವಾದ ಪ್ರಭಾವ ಇವತ್ತು ಹೀಗೆ ಬರುತ್ತಿದೆ. ಪಾಕಿಸ್ತಾನ 2024ರಲ್ಲಿ ಒಂದೇ ವರ್ಷ 17 ಗಿಗಾವಾಟಿನಷ್ಟು ಸೋಲಾರ್ ಪ್ಯಾನೆಲ್ ಚೀನಾದಿಂದ ತರಿಸಿಕೊಂಡಿತು. ಯಾವ ಒಪ್ಪಂದವೂ ಇಲ್ಲ, ದೊಡ್ಡ ಸಮಾರಂಭವೂ ಇಲ್ಲ. ಕರೆಂಟ್ ಬಿಲ್ಲು ತಾಳಲಾರದ ಜನ ಅಗ್ಗದ ಪ್ಯಾನೆಲ್ ತಂದು ಮಾಳಿಗೆಗೆ, ಹೊಲದ ಪಂಪಿಗೆ ಹಾಕಿಕೊಂಡರು. ಬ್ರೆಜಿಲಿನ ಕಮಸಾರಿಯಲ್ಲಿ ಫೋರ್ಡ್ ಬಿಟ್ಟುಹೋದ ಫ್ಯಾಕ್ಟರಿಯ ಜಾಗದಲ್ಲಿ ಈಗ ಬಿವೈಡಿ ಕಾರು ಜೋಡಿಸುತ್ತಿದೆ. ಇದಕ್ಕೆಲ್ಲ ಬೀಜಿಂಗ್ ಯಾರನ್ನೂ ಹೆದರಿಸಬೇಕಾಗಿರಲಿಲ್ಲ.

ಹೆದರಿಸುವ ಕೈಯೂ ಇದೆ, ಅದು ಅಪರೂಪದ ಲೋಹಗಳದ್ದು. ಕಾರಿನ ಮೋಟಾರಿನಲ್ಲಿ, ಕಿಟಕಿ ಏರಿಸುವ ಪುಟ್ಟ ಮೋಟಾರಿನಲ್ಲಿ, ಸ್ಪೀಕರಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇರುತ್ತದೆ. ಬಿಸಿಯಾದರೂ ಅದರ ಬಲ ಕುಗ್ಗದಿರಲು ಚಿಟಿಕೆಯಷ್ಟು ಡಿಸ್‌ಪ್ರೋಸಿಯಂ, ಟರ್ಬಿಯಂ ಬೆರೆಸುತ್ತಾರೆ. ಈ ಲೋಹಗಳ ಅದಿರು ಬೇರೆ ಕಡೆಯೂ ಇದೆ, ಆದರೆ ಅದನ್ನು ಬೇರ್ಪಡಿಸಿ ಶುದ್ಧ ಮಾಡುವುದು ಹೊಲಸು ಕೆಲಸ, ಹೊಳೆ ನೆಲ ಎಲ್ಲ ಕೆಡುತ್ತದೆ. ಉಳಿದ ದೇಶಗಳು ಬಿಟ್ಟುಕೊಟ್ಟವು, ಚೀನಾ ಹಿಡಿದುಕೊಂಡಿತು. ಈಗ ಶುದ್ಧೀಕರಣದ ಶೇ 90ರಷ್ಟು ಅಲ್ಲೇ. 2025ರ ಏಪ್ರಿಲ್ 4ರಂದು ಇಂಥ ಏಳು ಲೋಹಗಳ ರಫ್ತಿಗೆ ಅನುಮತಿ ಬೇಕು ಎಂದು ಚೀನಾ ನಿಯಮ ಮಾಡಿತು. ಕೆಲವೇ ವಾರದಲ್ಲಿ ಜಪಾನು, ಯುರೋಪು, ಅಮೆರಿಕದ ಕಾರು ಫ್ಯಾಕ್ಟರಿಗಳು ತಡವರಿಸಿದವು, ನಮ್ಮ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳೂ ಆಯಸ್ಕಾಂತ ಇಲ್ಲದೆ ತಯಾರಿ ಕಡಿಮೆ ಮಾಡಬೇಕಾಯಿತು. ಸುಂಕದ ಕುಸ್ತಿಯಲ್ಲಿ ಅಮೆರಿಕ ಮಾತುಕತೆಗೆ ಬಂದದ್ದರಲ್ಲಿ ಈ ಚಿಟಿಕೆ ಲೋಹದ ಪಾಲು ದೊಡ್ಡದು.

ನಮ್ಮ ಕಡೆಗೂ ಇದರ ಬಿಸಿ ಹೊಸದಲ್ಲ. ರಾಮನಗರ, ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು ಕೇಳಿ, ಚೈನಾ ರೇಷ್ಮೆ ಅಂದರೆ ಏನು ಅಂತ ಅವರು ಹೇಳುತ್ತಾರೆ. 2011ರಲ್ಲಿ ಕೇಂದ್ರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿದ ಮೇಲೆ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದಿದ್ದರು. ಇನ್ನೊಂದು ಉದಾಹರಣೆ ಬೆಂಗಳೂರಿನ ಹಳದಿ ಮೆಟ್ರೊ. ಅದರ ಬೋಗಿಗಳಿಗೆ 2019ರಲ್ಲಿ ಚೀನಾದ ಕಂಪನಿಗೆ ಗುತ್ತಿಗೆ ಕೊಟ್ಟರು. 2020ರಲ್ಲಿ ಚೀನಾ ಹೂಡಿಕೆಗೆ ನಿಯಮ ಬಿಗಿಯಾಯಿತು, ಗಾಲ್ವಾನ್ ಆಯಿತು, ಎಂಜಿನಿಯರುಗಳಿಗೆ ವೀಸಾ ಸಿಗಲಿಲ್ಲ. ಹಳಿ, ನಿಲ್ದಾಣ ತಯಾರಿದ್ದರೂ ಓಡಿಸಲು ರೈಲಿಲ್ಲ. ಕೊನೆಗೆ ಮೊದಲ ರೈಲು ಚೀನಾದಿಂದ ಬಂತು, ಉಳಿದ ಬೋಗಿಗಳನ್ನು ಕೋಲ್ಕತ್ತ ಬಳಿಯ ಕಾರ್ಖಾನೆಯಲ್ಲಿ ಮಾಡಿಸಿ, 2025ರ ಆಗಸ್ಟ್ 10ರಂದು ಮೂರೇ ರೈಲಿನಲ್ಲಿ ಮಾರ್ಗ ಶುರುವಾಯಿತು, 25 ನಿಮಿಷಕ್ಕೊಂದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಅಷ್ಟು ವರ್ಷ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತಿದ್ದರಲ್ಲಿ ಹಿಮಾಲಯದ ಗಡಿಯ ಜಗಳಕ್ಕೂ ಒಂದು ಪಾಲಿದೆ.

ಭಾರತ 2024-25ರಲ್ಲಿ ಚೀನಾದಿಂದ ಕೊಂಡದ್ದು 11,300 ಕೋಟಿ ಡಾಲರಿಗೂ ಜಾಸ್ತಿ, ಮಾರಿದ್ದು 1,425 ಕೋಟಿ. ಇದನ್ನು ನೋಡಿ ಎಲ್ಲ ನಿಲ್ಲಿಸಿಬಿಡಿ ಅನ್ನುವವರಿದ್ದಾರೆ. ನಾವು ತರಿಸುವುದರಲ್ಲಿ ಬಹುಪಾಲು ಮೊಬೈಲಿನ ಬಿಡಿಭಾಗ, ಔಷಧದ ಕಚ್ಚಾವಸ್ತು, ಯಂತ್ರ. ನಾಳೆ ಬೆಳಿಗ್ಗೆ ನಿಲ್ಲಿಸಿದರೆ ಮೊದಲು ನಿಲ್ಲುವುದು ನಮ್ಮ ಫ್ಯಾಕ್ಟರಿಗಳೇ. ಆಯಸ್ಕಾಂತವನ್ನು ಇಲ್ಲೇ ಮಾಡಲು ಕೇಂದ್ರ 2025ರ ನವೆಂಬರಿನಲ್ಲಿ 7,280 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅದು ಸರಿಯಾದ ದಾರಿ, ಫಲ ಸಿಗಲು ವರ್ಷಗಳು ಬೇಕು.

ಚೀನಾ ಮುಳುಗುತ್ತದಾ ಅಂತ ನೀವು ಮತ್ತೆ ಕೇಳಿದರೆ, ನಾನು ಬೆಳವಣಿಗೆಯ ಅಂಕಿಯನ್ನು ನೋಡುವುದಿಲ್ಲ, ಎರಡೇ ವಿಷಯ ನೋಡುತ್ತೇನೆ. ಒಂದು, ಹಳ್ಳಿಯ ಅಜ್ಜಿಯ ಪಿಂಚಣಿ ಏರುತ್ತಿದೆಯಾ. ಇನ್ನೊಂದು, ಸ್ಥಳೀಯ ಸರ್ಕಾರಕ್ಕೆ ಜಮೀನು ಬಿಟ್ಟು ಬೇರೆ ಆದಾಯ ಸಿಕ್ಕಿತಾ. ಎರಡೂ ಆಗದಿದ್ದರೆ ಮಾಲು ಹೊರಗೆ ಬರುತ್ತಲೇ ಇರುತ್ತದೆ. ಅದರ ಜೊತೆಗೆ ಒಂದೊಂದೇ ದೇಶ ಬಾಗಿಲು ಹಾಕತೊಡಗುತ್ತದೆ. ಅಮೆರಿಕ 2024ರಲ್ಲೇ ಚೀನಾದ ಎಲೆಕ್ಟ್ರಿಕ್ ಕಾರಿಗೆ ಶೇ 100 ಸುಂಕ ಹಾಕಿತು, ಯುರೋಪು ಅದೇ ವರ್ಷ ಇದ್ದ ಸುಂಕದ ಮೇಲೆ ಶೇ 35ರವರೆಗೆ ಸೇರಿಸಿತು. ಜನಸಂಖ್ಯೆಯೂ 2022ರಿಂದ ಇಳಿಯುತ್ತಿದೆ, ಮನೆ ಕೊಳ್ಳುವ ವಯಸ್ಸಿನವರು ಇನ್ನೂ ಕಡಿಮೆಯಾಗುತ್ತಾರೆ. ಕುಸಿತ ಅಂತ ನಾನು ಕರೆಯುವುದಿಲ್ಲ. ಜಪಾನು 1990ರ ನಂತರ ಕಂಡ ಹಾಗೆ ಉದ್ದನೆಯ ನಿಧಾನಗತಿ ಬರಬಹುದು, ಫ್ಯಾಕ್ಟರಿಗಳು ಮಾತ್ರ ಜಗತ್ತಿನಲ್ಲೇ ಮುಂದೆ ಇರುತ್ತವೆ.

ಕೊನೆಗೆ ನಿಮ್ಮ ಅಂಗಡಿಯ ವಿಷಯ. ಬೆಲೆ ಹೀಗೇ ಇಳಿಯುತ್ತಲೇ ಹೋಗುತ್ತದೆ ಅಂತ ನಂಬಿ ಲೆಕ್ಕ ಹಾಕಬೇಡಿ. ಪ್ಯಾನೆಲ್ ರಫ್ತು ಮಾಡುವವರಿಗೆ ವಾಪಸ್ ಕೊಡುತ್ತಿದ್ದ ತೆರಿಗೆಯನ್ನು ಚೀನಾ 2024ರ ಡಿಸೆಂಬರಿನಲ್ಲಿ ಶೇ 13ರಿಂದ 9ಕ್ಕೆ ಇಳಿಸಿತು. ಕತ್ತು ಕುಯ್ಯುವ ಬೆಲೆ ಪೈಪೋಟಿ ನಿಲ್ಲಿಸಬೇಕು ಎಂದು 2025ರಲ್ಲಿ ಷಿ ಅವರೇ ಕಂಪನಿಗಳಿಗೆ, ಪ್ರಾಂತಗಳಿಗೆ ಎಚ್ಚರಿಕೆ ಕೊಟ್ಟರು. ನಮ್ಮ ಸರ್ಕಾರವೂ 2022ರ ಏಪ್ರಿಲಿನಲ್ಲಿ ಹೊರಗಿನ ಪ್ಯಾನೆಲ್ ಮೇಲೆ ಶೇ 40, ಸೆಲ್ ಮೇಲೆ ಶೇ 25 ಸುಂಕ ಹಾಕಿತ್ತು, ಆಮೇಲೂ ದೇಶದೊಳಗಿನ ತಯಾರಿಗೇ ಒತ್ತು ಕೊಡುತ್ತ ಬಂದಿದೆ. ಹಾಗಾಗಿ ಗಿರಾಕಿಗೆ ಸೋಲಾರ್ ಕೊಟೇಶನ್ ಬರೆದುಕೊಡುವಾಗ ಅದು ಎಷ್ಟು ದಿನದವರೆಗೆ ನಡೆಯುತ್ತದೆ ಅಂತ ತಾರೀಕು ಹಾಕಿ ಕೊಡಿ. ಚಾರ್ಜರ್, ಬಲ್ಬಿನಂಥ ಸಣ್ಣ ಮಾಲಿನಲ್ಲಿ ಪೈಪೋಟಿ ಇನ್ನೂ ಇದೆ, ಅಲ್ಲಿ ದಾಸ್ತಾನು ಕಡಿಮೆ ಇಟ್ಟು ಆಗಾಗ ತರಿಸುವುದೇ ಒಳ್ಳೆಯದು.